ತಂತಿಗೆ ಕಟ್ಟಿದ ಹದಿಮೂರು ಸೆಕೆಂಡು

(ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳೂ ಮಾಜಿ ಸೈನಿಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನವನು. ಸೇನೆಯಲ್ಲಿದ್ದಾಗ ಕಾಲ್ದಳದ ಟ್ಯಾಂಕ್ ನಿರೋಧಕ ಪ್ಲಟೂನಿನಲ್ಲಿ ಕೆಲಸ ಮಾಡಿದವನು. ನನ್ನ ಕೈಗೆ ಕೊಟ್ಟ ಆಯುಧದ ಹೆಸರು ಮಿಲಾನ್. ತಂತಿಯ ಮೂಲಕ ಆದೇಶ ಪಡೆಯುತ್ತಾ ಗುರಿಯತ್ತ ಹೋಗುವ ಕ್ಷಿಪಣಿ ಅದು. ನಿವೃತ್ತನಾಗಿ ಊರಿಗೆ ಬಂದು ನೋಡಿದರೆ, ನಮ್ಮ ಮನೆಯ, ಅಕ್ಕಪಕ್ಕದ ಮನೆಯ ಹುಡುಗರಿಗೆ ಇಂಥ ಆಯುಧಗಳ ಹೆಸರೆಲ್ಲ ಬಾಯಿಪಾಠ. ಟೋ, ಕಾರ್ನೆಟ್, ಜಾವೆಲಿನ್ ಎಲ್ಲ ಗೊತ್ತು. ಯಾವುದು ಎಷ್ಟು ದಪ್ಪದ ಉಕ್ಕನ್ನು ತೂತು ಮಾಡುತ್ತದೆ ಎಂಬ ಲೆಕ್ಕವೂ ಗೊತ್ತು. ಗೇಮಿನಿಂದ, ಸಿನಿಮಾದಿಂದ, ಮೊಬೈಲಿಗೆ ಬರುವ ಯುದ್ಧದ ವಿಡಿಯೋಗಳಿಂದ ಕಲಿತದ್ದು. "ಮಾವ, ನೀವು ಇದನ್ನೇ ಹೊಡೀತಿದ್ರಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆದರೆ ಹೊಡೆದ ಮೇಲೆ ಏನು ಮಾಡಬೇಕಿತ್ತು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಈ ಆಯುಧದ ಕಥೆಯೆಲ್ಲ ಇರುವುದು ಅಲ್ಲೇ, ಹೊಡೆದ ಮೇಲೆ. ಇವತ್ತು ಅದನ್ನು ಹೇಳಲು ಬಂದಿದ್ದೇನೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಕೋವಿ ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಕೋವಿಯಲ್ಲಿ ಈಡು ಹಾರಿತು ಎಂದರೆ ಮುಗಿಯಿತು. ಗುರಿ ಹಿಡಿಯುವುದು, ಉಸಿರು ಬಿಗಿಹಿಡಿಯುವುದು ಎಲ್ಲ ಅದಕ್ಕೆ ಮುಂಚಿನ ಕೆಲಸ. ಆಮೇಲೆ ಈಡು ತಗುಲಿತೋ ತಪ್ಪಿತೋ, ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಂತಿ ಕ್ಷಿಪಣಿಯಲ್ಲಿ ಕೆಲಸ ಶುರುವಾಗುವುದೇ ಟ್ರಿಗರ್ ಎಳೆದ ಮೇಲೆ.

ಮಿಲಾನನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನೆಲದ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಅದಕ್ಕೆ ಸೇರಿದಂತೆ ಫೈರಿಂಗ್ ಪೋಸ್ಟ್. ಗುರಿ ನೋಡುವ ದುರ್ಬೀನು ಇರುವುದು ಅದರಲ್ಲಿ. ಕ್ಷಿಪಣಿ ಮುಚ್ಚಿದ ಕೊಳವೆಯೊಳಗೆ ಬರುತ್ತದೆ. ಕೊಳವೆಯನ್ನು ಪೋಸ್ಟಿನ ಮೇಲೆ ಕೂರಿಸಿ ಸಿಕ್ಕಿಸಿದರೆ ಸಿದ್ಧ. ಹೊಡೆಯುವವನು ಬೋರಲು ಮಲಗಿ ಕಣ್ಣನ್ನು ದುರ್ಬೀನಿಗೆ ಒತ್ತಿಕೊಂಡಿರುತ್ತಾನೆ. ಟ್ರಿಗರ್ ಎಳೆದಾಗ ಅರೆಗಳಿಗೆ ಏನೂ ಆಗುವುದಿಲ್ಲ. ಒಳಗೆ ಬ್ಯಾಟರಿ ಎಚ್ಚೆತ್ತು, ಜೈರೋ ತಿರುಗಲು ಶುರುವಾಗಬೇಕು. ಆಮೇಲೆ ಕಿವಿ ಗುಂಯ್‌ಗುಡುವ ಸದ್ದು. ಅನಿಲದ ಒತ್ತಡ ಕ್ಷಿಪಣಿಯನ್ನು ಮುಂದಕ್ಕೆ ದೂಡುತ್ತದೆ, ಖಾಲಿ ಕೊಳವೆ ಹಿಂದಕ್ಕೆ ಹಾರಿ ಬೀಳುತ್ತದೆ. ಕ್ಷಿಪಣಿ ಹೊರಗೆ ಹೋದ ಮೇಲೆ ಅದರ ಸ್ವಂತ ಮೋಟಾರು ಹೊತ್ತಿಕೊಳ್ಳುತ್ತದೆ. ಮುಂದೆಲ್ಲ ಧೂಳು, ಹೊಗೆ. ಅದರೊಳಗಿಂದ ಒಂದು ಬೆಳಕಿನ ಚುಕ್ಕೆ ತೂರಾಡುತ್ತಾ ದುರ್ಬೀನಿನೊಳಗೆ ಬರುತ್ತದೆ. ಅದು ಕ್ಷಿಪಣಿಯ ಬಾಲದ ಬೆಂಕಿ. ಹೊಸಬನ ಕಣ್ಣು ತಾನಾಗಿ ಅದರ ಹಿಂದೆ ಓಡುತ್ತದೆ. ಓಡಬಾರದು. ನಮಗೆ ಕಲಿಸಿದ ಉಸ್ತಾದರು ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದದ್ದು ಒಂದೇ ಮಾತು: "ರಾಕೆಟ್ ನೋಡಬೇಡ, ಟ್ಯಾಂಕ್ ನೋಡು."

ಯಾಕೆಂದರೆ ರಾಕೆಟ್ ನೋಡುವ ಕೆಲಸ ಪೋಸ್ಟಿನದು. ಅದರಲ್ಲಿರುವ ಇನ್‌ಫ್ರಾರೆಡ್ ಕಣ್ಣು ಬಾಲದ ಬೆಂಕಿಯನ್ನು ಗಮನಿಸುತ್ತಾ ಇರುತ್ತದೆ. ಹೊಡೆಯುವವನು ದುರ್ಬೀನಿನ ಕ್ರಾಸನ್ನು, ಅಂದರೆ ಗುರಿ ತೋರಿಸುವ ಅಡ್ಡ-ಉದ್ದ ಗೆರೆಗಳು ಕೂಡುವ ಜಾಗವನ್ನು, ಟ್ಯಾಂಕಿನ ಮೇಲೆ ಇಟ್ಟಿದ್ದಾನೆ. ಆ ಗೆರೆಯಿಂದ ಕ್ಷಿಪಣಿ ಎಷ್ಟು ಆಚೀಚೆ ಹೋಗಿದೆ ಎಂದು ಪೋಸ್ಟ್ ಲೆಕ್ಕ ಹಾಕಿ, ಎಡಕ್ಕೆ ಬಾ, ಮೇಲಕ್ಕೆ ಏಳು ಎಂಬ ಆದೇಶವನ್ನು ತಂತಿಯ ಮೂಲಕ ಕಳಿಸುತ್ತದೆ. ಕ್ಷಿಪಣಿ ಸುತ್ತುತ್ತಾ ಹಾರುತ್ತಿರುತ್ತದೆ. ಮೇಲೆ ಯಾವುದು ಕೆಳಗೆ ಯಾವುದು ಎಂದು ಅದಕ್ಕೆ ತಿಳಿಸುವುದು ಆ ಜೈರೋ.

ತಂತಿಯ ಉರುಳೆ ನೆಲದ ಮೇಲೆ ಇರುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಅದು ಇರುವುದು ಕ್ಷಿಪಣಿಯೊಳಗೆ. ನೆಲದಲ್ಲಿದ್ದಿದ್ದರೆ ಹಾರುವ ಕ್ಷಿಪಣಿ ಇಡೀ ತಂತಿಯನ್ನು ಎಳೆದುಕೊಂಡು ಹೋಗಬೇಕಾಗಿತ್ತು, ಅಷ್ಟು ಸಣ್ಣ ತಂತಿ ಮೊದಲ ಎಳೆತಕ್ಕೇ ಕಡಿಯುತ್ತಿತ್ತು. ಈಗ ಕ್ಷಿಪಣಿ ಹೋದಹಾಗೆಲ್ಲ ತಂತಿ ಅದರ ಬೆನ್ನಿಂದ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ತಂತಿ ಗಾಳಿಯಲ್ಲಿ ಇದ್ದಲ್ಲೇ ಇದ್ದು ಆಮೇಲೆ ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ. ಮಿಲಾನಿನ ವ್ಯಾಪ್ತಿ ಸುಮಾರು 2 ಕಿಲೋಮೀಟರ್. ಜೋಗದಲ್ಲಿ ರಾಜ ಧುಮುಕುವ ಎತ್ತರ 253 ಮೀಟರ್. ಅಂಥ ಎಂಟು ಜಲಪಾತಗಳಷ್ಟು ಉದ್ದದ ತಂತಿ ಒಂದು ಕ್ಷಿಪಣಿಯ ಹೊಟ್ಟೆಯಲ್ಲಿ ಸುತ್ತಿಕೊಂಡು ಕೂತಿರುತ್ತದೆ. ರಾಜಸ್ಥಾನದ ಫೈರಿಂಗ್ ರೇಂಜಿನಲ್ಲಿ ಅಭ್ಯಾಸ ಮುಗಿಸಿ ಗುರಿಯ ಕಡೆಗೆ ನಡೆದುಕೊಂಡು ಹೋಗುವಾಗ ಮುಳ್ಳುಕಂಟಿಗಳ ಮೇಲೆ ಈ ತಂತಿ ಸಿಕ್ಕಿಕೊಂಡಿರುತ್ತಿತ್ತು. ಬಿಸಿಲಿಗೆ ಮಿಂಚಿದರೆ ಮಾತ್ರ ಕಾಣುವುದು. ಬೆರಳಿಗೆ ಸುತ್ತಿ ಎಳೆದರೆ ಚರ್ಮ ಕೊಯ್ಯುವಷ್ಟು ಹರಿತ.

ಈ ತಂತಿಯಿಂದ ಒಂದು ದೊಡ್ಡ ಲಾಭ, ಒಂದು ದೊಡ್ಡ ಬೆಲೆ. ಲಾಭ ಏನೆಂದರೆ, ಶತ್ರು ಎಷ್ಟೇ ರೇಡಿಯೋ ಅಡ್ಡಿ ಮಾಡಿದರೂ ತಂತಿಯೊಳಗಿನ ಮಾತಿಗೆ ತಡೆ ಇಲ್ಲ. ಬೆಲೆ ಏನೆಂದರೆ, ವೇಗ. ತಂತಿ ಕಡಿಯದೆ ಬಿಚ್ಚಿಕೊಳ್ಳಬೇಕಾದರೆ ಕ್ಷಿಪಣಿ ತೀರ ಜೋರಾಗಿ ಹೋಗುವಂತಿಲ್ಲ. ಮಿಲಾನ್ ಸೆಕೆಂಡಿಗೆ ಸುಮಾರು 200 ಮೀಟರ್ ವೇಗ ಮುಟ್ಟುತ್ತದೆ, 2 ಕಿಲೋಮೀಟರ್ ದಾಟಲು ಹತ್ತಿರ ಹತ್ತಿರ 13 ಸೆಕೆಂಡು ತೆಗೆದುಕೊಳ್ಳುತ್ತದೆ. ಆಧುನಿಕ ಟ್ಯಾಂಕಿನ ಫಿರಂಗಿಯಿಂದ ಹೊರಟ ಉಕ್ಕು ಸೀಳುವ ಗುಂಡು ಅದೇ ದೂರವನ್ನು ಎರಡು ಸೆಕೆಂಡಿಗಿಂತ ಮೊದಲೇ ದಾಟುತ್ತದೆ. ಲೆಕ್ಕ ಹಾಕಿ ನೋಡಿ. ನೀವು ಹೊಡೆದಿದ್ದೀರಿ. ಹೊಗೆ, ಧೂಳು ಎದ್ದು ನೀವೆಲ್ಲಿದ್ದೀರಿ ಎಂಬುದು ಶತ್ರುವಿಗೆ ಗೊತ್ತಾಗಿದೆ. ನಿಮ್ಮ ಕ್ಷಿಪಣಿ ಇನ್ನೂ ಅರ್ಧ ದಾರಿಯಲ್ಲಿದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ ಟ್ಯಾಂಕು ಆ ಹದಿಮೂರು ಸೆಕೆಂಡಿನಲ್ಲಿ 130 ಮೀಟರ್ ಸರಿದಿರುತ್ತದೆ. ಅದರ ಜೊತೆಗೆ ನಿಮ್ಮ ಕ್ರಾಸ್ ಸರಿಯಬೇಕು, ಅಲುಗದೆ ಸರಿಯಬೇಕು. ಪಕ್ಕದಲ್ಲಿ ಗುಂಡು ಬಿದ್ದರೂ ತಲೆ ತಗ್ಗಿಸುವಂತಿಲ್ಲ. ತಗ್ಗಿಸಿದರೆ ಕ್ಷಿಪಣಿ ನೆಲಕ್ಕೆ ಬೀಳುತ್ತದೆ, ಟ್ಯಾಂಕು ಉಳಿಯುತ್ತದೆ.

ಈ ಹದಿಮೂರು ಸೆಕೆಂಡನ್ನು ಜನಪ್ರಿಯ ಮಾಧ್ಯಮಗಳು ಏನು ಮಾಡಿದವು ಎಂದು ಹೇಳುವ ಮೊದಲು ಸ್ವಲ್ಪ ಇತಿಹಾಸ.

ತಂತಿಯಿಂದ ನಡೆಸುವ ಟ್ಯಾಂಕ್ ನಿರೋಧಕ ಕ್ಷಿಪಣಿಯ ಮೊದಲ ಪ್ರಯತ್ನ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನಿಯಲ್ಲಿ ನಡೆಯಿತು. ಎಕ್ಸ್-7 ಎಂಬ ಆ ಕ್ಷಿಪಣಿ ಯುದ್ಧದಲ್ಲಿ ಪರಿಣಾಮ ಬೀರುವ ಮೊದಲೇ ಯುದ್ಧ ಮುಗಿಯಿತು. 1950ರ ದಶಕದಲ್ಲಿ ಫ್ರಾನ್ಸ್ ಎಸ್‌ಎಸ್-10, ಎಸ್‌ಎಸ್-11, ಎಂಟಾಕ್‌ಗಳನ್ನು ಮಾಡಿತು. ನಮ್ಮ ದೇಶಕ್ಕೂ ಈ ವಿದ್ಯೆ ಬಂದದ್ದು ಫ್ರಾನ್ಸಿನಿಂದಲೇ. 1970ರಲ್ಲಿ ಹೈದರಾಬಾದಿನಲ್ಲಿ ಭಾರತ್ ಡೈನಾಮಿಕ್ಸ್ ಲಿಮಿಟೆಡ್ ಶುರುವಾದಾಗ ಅದು ಮೊದಲು ತಯಾರಿಸಿದ್ದು ಎಸ್‌ಎಸ್-11ರ ಒಂದು ಮಾದರಿಯನ್ನು. ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸೇರಿ ರೂಪಿಸಿದ ಮಿಲಾನ್ 1970ರ ದಶಕದ ಮೊದಲಲ್ಲಿ ಬಂತು, ಆಮೇಲೆ ಅದೂ ಹೈದರಾಬಾದಿನಲ್ಲಿ ತಯಾರಾಗತೊಡಗಿತು. 2021ರ ಮಾರ್ಚ್‌ನಲ್ಲಿ 4,960 ಮಿಲಾನ್-2ಟಿ ಕ್ಷಿಪಣಿಗಳಿಗೆ ರಕ್ಷಣಾ ಸಚಿವಾಲಯ ಒಪ್ಪಂದ ಮಾಡಿಕೊಂಡಿತು, ಮೊತ್ತ 1,188 ಕೋಟಿ ರೂಪಾಯಿ. ಭಾಗಿಸಿದರೆ ಒಂದಕ್ಕೆ ಸುಮಾರು 24 ಲಕ್ಷ ಬೀಳುತ್ತದೆ. ಟ್ರಿಗರ್ ಮೇಲೆ ಬೆರಳಿಟ್ಟವನ ತಲೆಯಲ್ಲಿ ಈ ಲೆಕ್ಕವೂ ಇರುತ್ತದೆ.

ಮೊದಲ ತಲೆಮಾರಿನವುಗಳಲ್ಲಿ ನಾನು ಹೇಳಿದ ಇನ್‌ಫ್ರಾರೆಡ್ ಕಣ್ಣು ಇರಲಿಲ್ಲ. ಹೊಡೆಯುವವನು ಟ್ಯಾಂಕನ್ನೂ ನೋಡಬೇಕು, ಕ್ಷಿಪಣಿಯನ್ನೂ ನೋಡಬೇಕು, ಒಂದು ಸಣ್ಣ ಜಾಯ್‌ಸ್ಟಿಕ್ ಹಿಡಿದು ಎರಡನ್ನೂ ಒಂದೇ ಗೆರೆಗೆ ತರಬೇಕು. ಅದರಲ್ಲಿ ಜಗತ್ತಿಗೆಲ್ಲ ಹೆಸರಾದದ್ದು ಸೋವಿಯತ್ ಒಕ್ಕೂಟದ ಮಾಲ್ಯುತ್ಕಾ. ನೇಟೋ ದೇಶಗಳವರು ಅದನ್ನು ಸ್ಯಾಗರ್ ಎಂದು ಕರೆದರು. ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬೆನ್ನ ಮೇಲೆ ಹೊತ್ತುಕೊಂಡು ಹೋಗುವಂಥದ್ದು. ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಕ್ಷಿಪಣಿಯನ್ನು ನಿಲ್ಲಿಸಿ, ಹೊಡೆಯುವವನು ಕೇಬಲ್ ಎಳೆದುಕೊಂಡು ಸುಮಾರು 15 ಮೀಟರ್ ದೂರದಲ್ಲಿ ಅಡಗಿ ಕೂರಬಹುದಿತ್ತು. 3 ಕಿಲೋಮೀಟರ್ ಮುಟ್ಟಲು ಅದಕ್ಕೆ 25 ಸೆಕೆಂಡಿನಷ್ಟು ಬೇಕಾಗುತ್ತಿತ್ತು. ಇಪ್ಪತ್ತೈದು ಸೆಕೆಂಡು ಎಂದರೆ ಎಷ್ಟು ಎಂದು ಮನೆಗೆ ಹೋಗಿ ಗಡಿಯಾರ ಹಿಡಿದು ನೋಡಿ.

1973ರ ಅಕ್ಟೋಬರ್ 6ರಂದು ಈಜಿಪ್ಟಿನ ಸೇನೆ ಸೂಯೆಜ್ ಕಾಲುವೆ ದಾಟಿತು. ಅದರ ಕಾಲ್ದಳದವರ ಬೆನ್ನ ಮೇಲೆ ಈ ಪೆಟ್ಟಿಗೆಗಳಿದ್ದವು. ಹತ್ತಿರ ಬಂದ ಟ್ಯಾಂಕಿಗೆ ಹೆಗಲ ಮೇಲಿಂದ ಹೊಡೆಯುವ ಆರ್‌ಪಿಜಿ-7 ರಾಕೆಟ್, ದೂರದ್ದಕ್ಕೆ ಸ್ಯಾಗರ್. ಕಾಲ್ದಳದ ರಕ್ಷಣೆ ಇಲ್ಲದೆ ನುಗ್ಗಿ ಬಂದ ಇಸ್ರೇಲಿನ ಟ್ಯಾಂಕ್ ಪಡೆಗಳಿಗೆ ಮೊದಲ ಕೆಲವು ದಿನ ಭಾರಿ ಪೆಟ್ಟು ಬಿತ್ತು. ಟ್ಯಾಂಕಿನ ಕಾಲ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಆದರೆ ಇಸ್ರೇಲಿನವರು ಬೇಗ ಕಲಿತರು. ಕ್ಷಿಪಣಿ ಹೊರಟದ್ದು ಕಂಡ ಕೂಡಲೇ ರೇಡಿಯೋದಲ್ಲಿ ಕೂಗಿ ಹೇಳುವುದು, ಟ್ಯಾಂಕನ್ನು ಅತ್ತಿತ್ತ ಓಡಿಸುವುದು, ಹೊಡೆದವನು ಇರಬಹುದಾದ ಜಾಗಕ್ಕೆ ಮಷಿನ್‌ಗನ್ನಿನಿಂದ ಗುಂಡಿನ ಮಳೆ ಸುರಿಸುವುದು. ಕ್ಷಿಪಣಿಗೆ ಗುರಿಯಿಟ್ಟು ಪ್ರಯೋಜನವಿರಲಿಲ್ಲ. ತಂತಿಯ ಈ ತುದಿಯಲ್ಲಿದ್ದವನ ಕೈ ನಡುಗಿದರೆ ಸಾಕಾಗಿತ್ತು. ಈಜಿಪ್ಟಿನವರು ತಮ್ಮ ಹುಡುಗರನ್ನು ಸಿಮ್ಯುಲೇಟರಿನ ಮುಂದೆ ದಿನಾ ಕೂರಿಸಿ ತಿಂಗಳುಗಟ್ಟಲೆ ತಯಾರು ಮಾಡಿದ್ದು ಆ ಕೈ ನಡುಗಬಾರದು ಎಂದೇ.

ಮಿಲಾನಿನ ಕಥೆಯಲ್ಲಿ ಎರಡು ಘಟನೆ ಮಾತ್ರ ಹೇಳುತ್ತೇನೆ. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಗೂಸ್ ಗ್ರೀನ್ ಎಂಬಲ್ಲಿ ಬ್ರಿಟಿಷ್ ಸೈನಿಕರು ಅದನ್ನು ಟ್ಯಾಂಕಿನ ಮೇಲಲ್ಲದೆ ಅರ್ಜೆಂಟೀನಾದ ಬಂಕರುಗಳ ಮೇಲೆ ಹೊಡೆದರು. 1987ರಲ್ಲಿ ಆಫ್ರಿಕಾದ ಚಾಡ್ ದೇಶದವರು ಟೊಯೋಟಾ ಪಿಕಪ್ಪುಗಳ ಮೇಲೆ ಮಿಲಾನ್ ಕಟ್ಟಿಕೊಂಡು ಮರುಭೂಮಿಯಲ್ಲಿ ಓಡಾಡಿ ಲಿಬಿಯಾದ ಟ್ಯಾಂಕ್ ಪಡೆಯನ್ನು ಮಣ್ಣುಮುಕ್ಕಿಸಿದರು. ಆ ಯುದ್ಧಕ್ಕೆ ಟೊಯೋಟಾ ಯುದ್ಧ ಎಂದೇ ಹೆಸರು ಬಿತ್ತು. ಪಿಕಪ್ಪಿನ ಮೇಲೆ ಆಯುಧ ಹೊತ್ತ ಆ ಚಿತ್ರ ಇಂದಿಗೂ ಸಿನಿಮಾಗಳಲ್ಲಿ, ಗೇಮುಗಳಲ್ಲಿ ಬರುತ್ತಲೇ ಇದೆ.

ಈಗ ಸಿನಿಮಾಕ್ಕೆ ಬರೋಣ. ಟ್ಯಾಂಕಿಗೆ ಎದುರಾಗಿ ನಿಂತ ಕಾಲಾಳು ಎಂದರೆ ನಮ್ಮ ದೇಶದವರ ಕಣ್ಣಿಗೆ ಕಟ್ಟುವುದು ಜೀಪು, ಜೀಪಿನ ಮೇಲೊಂದು ಉದ್ದ ಕೊಳವೆ. ಅದು ಆರ್‌ಸಿಎಲ್, 106 ಮಿಲಿಮೀಟರಿನ ರಿಕಾಯಿಲ್‌ಲೆಸ್ ಗನ್. 1965ರಲ್ಲಿ ಖೇಮ್‌ಕರಣ್ ವಲಯದಲ್ಲಿ 4 ಗ್ರೆನೇಡಿಯರ್ಸ್ ಬೆಟಾಲಿಯನ್ನಿನ ಅಬ್ದುಲ್ ಹಮೀದ್ ಅದರಿಂದಲೇ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದುರುಳಿಸಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದರು. 1971ರ ಡಿಸೆಂಬರಿನಲ್ಲಿ ಲೋಂಗೆವಾಲಾದಲ್ಲಿ 23 ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿಯ ಕೈಯಲ್ಲಿದ್ದದ್ದೂ ಅದೇ. ಆ ಕದನವನ್ನು ‘ಬಾರ್ಡರ್’ ಸಿನಿಮಾ 1997ರಲ್ಲಿ ಮನೆಮನೆಗೂ ತಲುಪಿಸಿತು. ನಮ್ಮ ಮನಸ್ಸಿನಲ್ಲಿ ಟ್ಯಾಂಕು ಹೊಡೆಯುವುದು ಎಂದರೆ ಢಂ ಎಂಬ ಒಂದು ಸದ್ದು, ಒಂದು ಬೆಂಕಿಯುಂಡೆ ಎಂದಾಗಿರುವುದಕ್ಕೆ ಕಾರಣ ಇದೆ. ಆರ್‌ಸಿಎಲ್ ನಿಜಕ್ಕೂ ಹಾಗೇ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯ ಸುಬೇದಾರ್ ಸಾಹೇಬರು ಆರ್‌ಸಿಎಲ್ ಹೊಡೆದವರು. ಹೊಡೆದ ಕೂಡಲೇ ಜೀಪನ್ನು ರಿವರ್ಸ್ ತೆಗೆಯಲು ಡ್ರೈವರ್ ಗೇರ್ ಹಾಕಿಕೊಂಡೇ ಕಾಯುತ್ತಿದ್ದ ಎಂದು ಈಗ ತಾನೇ ಹೇಳಿದರು. ಅವರ ಜೀವ ಉಳಿಸುತ್ತಿದ್ದದ್ದು ಆ ಓಟ. ಮಿಲಾನಿನವನಿಗೆ ಓಡುವ ಹಾಗಿಲ್ಲ.

ಸಾಮಾನ್ಯವಾಗಿ ಸಿನಿಮಾಗಳಲ್ಲಿ ಹೆಗಲ ಮೇಲಿಂದ ಹೊಡೆಯುವ ಆರ್‌ಪಿಜಿಯೇ ಎಲ್ಲಕ್ಕೂ ಆಗುತ್ತದೆ. ಹೀರೋ ಹೊಡೆಯುತ್ತಾನೆ, ಹಿಂದೆ ಬೆಂಕಿ ಏಳುತ್ತದೆ, ಅವನು ಈ ಕಡೆ ತಿರುಗಿ ನಡೆದು ಬರುತ್ತಾನೆ. ತಂತಿ ಕ್ಷಿಪಣಿ ಸಿನಿಮಾಕ್ಕೆ ಒಗ್ಗುವುದಿಲ್ಲ, ಅದಕ್ಕೆ ಕಾರಣವೂ ಸರಳ. ಹದಿಮೂರು ಸೆಕೆಂಡು ಒಬ್ಬ ಮನುಷ್ಯ ಕದಲದೆ ಮಲಗಿರುವುದನ್ನು ತೋರಿಸುವ ಧೈರ್ಯ ಆಕ್ಷನ್ ಸಿನಿಮಾದ ಎಡಿಟರಿಗೆ ಇರುವುದಿಲ್ಲ. ನನಗಂತೂ ಆ ಹದಿಮೂರು ಸೆಕೆಂಡನ್ನು ಒಂದೇ ಶಾಟಿನಲ್ಲಿ ಹಿಡಿದ ಕನ್ನಡ ಸಿನಿಮಾ ನೋಡುವ ಆಸೆ ಇದೆ. ನಮ್ಮಲ್ಲಿ ಒಳ್ಳೆಯ ನಟರಿದ್ದಾರೆ, ಮುಖವೊಂದರಿಂದಲೇ ಅದನ್ನು ಹೇಳಬಲ್ಲರು.

ಟೀವಿಯೂ ಹೆಚ್ಚು ಬೇರೆಯಲ್ಲ. 2003ರ ಜುಲೈ 22ರಂದು ಇರಾಕಿನ ಮೊಸುಲ್‌ನಲ್ಲಿ ಸದ್ದಾಂ ಹುಸೇನನ ಇಬ್ಬರು ಮಕ್ಕಳು ಅಡಗಿದ್ದ ಮನೆಯ ಮೇಲೆ ಅಮೆರಿಕದವರು ಟೋ ಕ್ಷಿಪಣಿಗಳನ್ನು ಹೊಡೆದರು. ಛಿದ್ರವಾದ ಆ ಮನೆಯನ್ನು ಜಗತ್ತೆಲ್ಲ ನೋಡಿತು. 1970ರಲ್ಲಿ ಅಮೆರಿಕದ ಸೇನೆಗೆ ಸೇರಿದ ಟೋ ಕೂಡ ತಂತಿಯದೇ. ಸುದ್ದಿಯಲ್ಲಿ ಅದು ಬರೀ ಹೆಸರಾಗಿ ಬಂದು ಹೋಯಿತು.

ನನಗೆ ಆಶ್ಚರ್ಯವಾಗುವುದು, ಸಿನಿಮಾ ಬಿಟ್ಟದ್ದನ್ನು ಕೆಲವು ಗೇಮುಗಳು ಹಿಡಿದವು. ತಂಗಿಯ ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. 2005ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2ರಲ್ಲಿ ನೆಲಕ್ಕೆ ಊರಿದ ಟೋ ಇತ್ತು, ಚೀನಾದ ಎಚ್‌ಜೆ-8 ಕೂಡ ಇತ್ತು. ಪಾಕಿಸ್ತಾನ ಬಕ್ತರ್ ಶಿಕನ್ ಎಂಬ ಹೆಸರಿನಲ್ಲಿ ತಯಾರಿಸುವುದು ಆ ಎಚ್‌ಜೆ-8ನ್ನೇ. ನಾನು ಯಾವುದರ ಎದುರು ನಿಲ್ಲಬೇಕಾಗಬಹುದು ಎಂದು ಕಲಿತಿದ್ದೆನೋ ಅದನ್ನು ನಮ್ಮ ಮನೆಯ ಹುಡುಗ ಬೆರಳ ತುದಿಯಲ್ಲಿ ತಿರುಗಿಸುತ್ತಿದ್ದ. ಅದರಲ್ಲಿ ಕ್ಷಿಪಣಿಯನ್ನು ಮೌಸಿನಿಂದ ನಡೆಸಬೇಕಿತ್ತು, ಅಷ್ಟರ ಮಟ್ಟಿಗೆ ಸರಿ. ಆದರೆ ಅಲ್ಲಿಯ ದೂರಗಳು ಚಿಕ್ಕವು, ಕಾಯುವುದು ಕಡಿಮೆ. ವಾರ್ ಥಂಡರ್ ಎಂಬ ಗೇಮಿನಲ್ಲಿ ಸೋವಿಯತ್ ಯುದ್ಧವಾಹನ ಬಿಎಂಪಿ-1ರ ಮೇಲೆ ಮಾಲ್ಯುತ್ಕಾ ಇದೆ. ಮೊದಲ ತಲೆಮಾರಿನ ಕ್ಷಿಪಣಿಯನ್ನು ಹಿಡಿತಕ್ಕೆ ತರುವುದು ಎಷ್ಟು ಕಷ್ಟ ಎಂಬುದು ಅದನ್ನು ಆಡಿದವರಿಗೆ ಸ್ವಲ್ಪವಾದರೂ ಅರ್ಥವಾಗುತ್ತದೆ. ನನಗೆ ತೀರ ಹಿಡಿಸಿದ್ದು 2014ರ ವಾರ್‌ಗೇಮ್ ರೆಡ್ ಡ್ರ್ಯಾಗನ್. ಮೇಲಿನಿಂದ ನೋಡುತ್ತಾ ಇಡೀ ಸೈನ್ಯ ನಡೆಸುವ ಆಟ. ಕ್ಷಿಪಣಿ ಹಾರುತ್ತಿರುವಾಗ ಅದನ್ನು ನಡೆಸುವ ತಂಡ ಸತ್ತರೆ, ಗುರಿ ಕಣ್ಮರೆಯಾದರೆ, ಕ್ಷಿಪಣಿ ವ್ಯರ್ಥ. ಈ ಒಂದು ನಿಯಮವನ್ನು ಇಟ್ಟದ್ದರಿಂದ ಆಟವಾಡುವ ಹುಡುಗ ಕ್ಷಿಪಣಿಯ ಜೊತೆಗೆ ಅದರ ಹಿಂದಿರುವ ಮನುಷ್ಯನನ್ನೂ ಕಾಯಬೇಕಾಗುತ್ತದೆ. ಎಷ್ಟೋ ಸಿನಿಮಾಗಳಿಗಿಂತ ಇದು ಸತ್ಯಕ್ಕೆ ಹತ್ತಿರ ಎಂದು ನಾನು ಯಾರೆದುರೂ ಹೇಳುತ್ತೇನೆ.

ಆಮೇಲೆ ಸಿರಿಯಾ. 2014ರ ಏಪ್ರಿಲ್‌ನಿಂದ ಅಲ್ಲಿಯ ಬಂಡುಕೋರರು ಟೋ ಹೊಡೆಯುವ ವಿಡಿಯೋಗಳು ಯೂಟ್ಯೂಬಿಗೆ ಬರತೊಡಗಿದವು. ಕ್ಷಿಪಣಿ ಕೊಟ್ಟವರು ಅದನ್ನು ಎಲ್ಲಿ, ಯಾರ ಮೇಲೆ ಹೊಡೆದಿರಿ ಎಂಬುದಕ್ಕೆ ಪುರಾವೆ ಕೇಳುತ್ತಿದ್ದರು ಎಂದು ಆಗ ವ್ಯಾಪಕವಾಗಿ ವರದಿಯಾಯಿತು. ಹಾಗಾಗಿ ಪ್ರತಿ ಹೊಡೆತವನ್ನೂ ಚಿತ್ರೀಕರಿಸುತ್ತಿದ್ದರು. ಪುರಾವೆ ಬೇಕಾದದ್ದರಿಂದ ನಡುವೆ ಕತ್ತರಿಸುವಂತಿರಲಿಲ್ಲ. ಆ ವಿಡಿಯೋಗಳಲ್ಲಿ ಮೊದಲ ಬಾರಿಗೆ ಸಾಮಾನ್ಯ ಜನ ಇಡೀ ಹಾರಾಟವನ್ನು ನೋಡಿದರು. ಹೊಗೆ, ಆಮೇಲೆ ಸುಳಿ ಸುತ್ತುತ್ತಾ ದೂರವಾಗುವ ಚುಕ್ಕೆ, ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಈಗ ಅದೇ ವಿಡಿಯೋಗಳನ್ನು ರೀಲ್ಸ್ ಮಾಡಿ ಹಾಡು ಹಾಕಿ ಹಂಚುತ್ತಾರೆ. ನಡುವಿನ ಸೆಕೆಂಡುಗಳನ್ನು ಕತ್ತರಿಸಿರುತ್ತಾರೆ. ನನಗೆ ಇದು ನೋವು ಕೊಡುತ್ತದೆ, ಮುಚ್ಚಿಡುವುದಿಲ್ಲ. ಆ ಚುಕ್ಕೆ ಹೋಗಿ ಮುಟ್ಟುವ ಉಕ್ಕಿನ ಪೆಟ್ಟಿಗೆಯೊಳಗೆ ಮೂವರೋ ನಾಲ್ವರೋ ಇರುತ್ತಾರೆ. ಈ ತುದಿಯಲ್ಲಿ ಒಬ್ಬ ಇರುತ್ತಾನೆ. ಅವರೆಲ್ಲರ ಜೀವ ತೂಗಾಡುವುದು ಆ ನಡುವಿನ ಹೊತ್ತಿನಲ್ಲೇ.

ಇದು ಮಲೆನಾಡಿಗೆ ಎಷ್ಟು ಹೊಂದುತ್ತದೆ ಎಂದು ನೀವು ಕೇಳಬಹುದು. ಹೊಂದುವುದೇ ಇಲ್ಲ. ಈ ಆಯುಧಕ್ಕೆ ಬೇಕಾದದ್ದು ಕಣ್ಣಿಗೆ ತಡೆಯಿಲ್ಲದ ಬಯಲು. ನಮ್ಮ ಕಾನಿನಲ್ಲಿ ಇಪ್ಪತ್ತು ಮಾರು ಆಚೆ ಕಾಣುವುದಿಲ್ಲ. ಗುಡ್ಡದ ಮೇಲಿನ ಬ್ಯಾಣದಿಂದ ಎದುರು ಗುಡ್ಡ ಕಂಡೀತು, ಆದರೆ ನಡುವಿನ ಮರದ ತುದಿಗೆ ತಂತಿ ಸಿಕ್ಕಿದರೆ ಕೆಲಸ ಕೆಟ್ಟಿತು. ಹೈ ವೋಲ್ಟೇಜ್ ಲೈನಿನ ಮೇಲಿಂದ ಹೊಡೆಯಬೇಡಿ, ತಂತಿಯಲ್ಲಿ ಕರೆಂಟು ಹರಿದು ಬಂದೀತು ಎಂದು ಟೋ ಕ್ಷಿಪಣಿಯ ಕೈಪಿಡಿಗಳಲ್ಲಿ ಎಚ್ಚರಿಕೆ ಇರುತ್ತದೆ. ಶರಾವತಿಯ ವಿದ್ಯುತ್ತು ಹೊತ್ತ ಟವರುಗಳು ನಮ್ಮ ಗುಡ್ಡಗಳನ್ನು ಹೇಗೆ ದಾಟಿಹೋಗಿವೆ ಎಂದು ನಿಮಗೆಲ್ಲ ಗೊತ್ತು. ಇನ್ನು ಮಳೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆಯಲ್ಲಿ ಜುಲೈ ತಿಂಗಳ ಮಂಜಿನೊಳಗೆ ಯಾವ ದುರ್ಬೀನಿಗೂ ಏನೂ ಕಾಣುವುದಿಲ್ಲ. ಹುಟ್ಟಿದಾಗಿನಿಂದ ಮರ ಮಳೆ ಬಿಟ್ಟು ಬೇರೆ ನೋಡದ ನಾನು, ಎರಡು ಕಿಲೋಮೀಟರ್ ದೂರದ ವಸ್ತುವನ್ನು ಕಣ್ಣಿನಲ್ಲಿ ಅಳೆಯುವುದನ್ನು ಮರಳುಗಾಡಿಗೆ ಹೋಗಿ ಮೊದಲಿನಿಂದ ಕಲಿಯಬೇಕಾಯಿತು. ಅಲ್ಲಿ ದೂರವನ್ನು ಹೇಳುವ ಗದ್ದೆಯಿಲ್ಲ, ತೋಟವಿಲ್ಲ, ಬೇಲಿಯಿಲ್ಲ. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ಟ್ಯಾಂಕು ನೀರಿನ ಮೇಲೆ ನಿಂತ ಹಾಗೆ ಕಾಣುತ್ತದೆ.

ನನ್ನ ಮಾತು ಇಷ್ಟು. ಇನ್ನು ನಿಮ್ಮ ಪ್ರಶ್ನೆಗಳು.

(ಒಬ್ಬ ವಿದ್ಯಾರ್ಥಿನಿ: ಸರ್, ಈಗ ಎಲ್ಲ ವೈರ್‌ಲೆಸ್ ಆಗಿದೆಯಲ್ಲ. ತಂತಿ ಇನ್ನೂ ಯಾಕೆ?)

ಒಳ್ಳೆಯ ಪ್ರಶ್ನೆ ಅಮ್ಮಾ. ತಂತಿಯನ್ನು ಬಿಡುವ ಪ್ರಯತ್ನ ನಡೆದೇ ಇದೆ. ಅಮೆರಿಕದ ಜಾವೆಲಿನ್ 1996ರಲ್ಲಿ ಸೇವೆಗೆ ಬಂತು. ಹೊಡೆದು ಬಿಟ್ಟರೆ ಅದೇ ಗುರಿಯನ್ನು ಹಿಡಿದುಕೊಂಡು ಹೋಗುತ್ತದೆ, ಹೊಡೆದವನು ಎದ್ದು ಓಡಬಹುದು. ನಮ್ಮ ನಾಗ್ ಕೂಡ ಆ ಜಾತಿಯದು. 1983ರಲ್ಲಿ ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ ಶುರುವಾದ ಕ್ಷಿಪಣಿ ಯೋಜನೆಯಲ್ಲಿ ಅಗ್ನಿ, ಪೃಥ್ವಿಗಳ ಜೊತೆಗೆ ಅದೂ ಇತ್ತು. ಟೋ ಕ್ಷಿಪಣಿಗೂ ರೇಡಿಯೋದಿಂದ ನಡೆಯುವ ಮಾದರಿ ಬಂದಿದೆ. ಆದರೆ ಈ ಎರಡು ಮೂರು ವರ್ಷದಲ್ಲಿ ಉಕ್ರೇನಿನಲ್ಲಿ ಏನಾಯಿತು ನೋಡು. ಎರಡೂ ಕಡೆಯವರು ಡ್ರೋನ್ ಹಾರಿಸಿದರು, ಎರಡೂ ಕಡೆಯವರು ಅವುಗಳ ರೇಡಿಯೋ ಕೆಡಿಸುವುದನ್ನು ಕಲಿತರು. ಆಗ ಡ್ರೋನಿನ ಹೊಟ್ಟೆಗೆ ಉರುಳೆ ಕಟ್ಟಿ, ಕೂದಲೆಳೆಯಂಥ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತಾ ಹೋಗುವಂತೆ ಮಾಡಿದರು. 2024ರಿಂದ ಅದು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಹತ್ತು ಕಿಲೋಮೀಟರಿಗೂ ಮೀರಿ ಹೋಗುತ್ತವೆ. ಹೊಲಗಳ ಮೇಲೆ, ಮರಗಳ ಮೇಲೆ ಆ ಎಳೆಗಳು ಹಾಸಿಕೊಂಡಿರುವ ಫೋಟೋ ನೀನೂ ನೋಡಿರಬಹುದು. ಉರುಳೆ ಹಾರುವ ವಸ್ತುವಿನಲ್ಲೇ ಇರಬೇಕು ಎಂಬ ಎಂಬತ್ತು ವರ್ಷದ ಹಿಂದಿನ ಉಪಾಯವೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಒಂದು ದೊಡ್ಡ ವ್ಯತ್ಯಾಸ ಅಂದರೆ, ನಡೆಸುವವನು ಈಗ ಗುರಿಯ ಎದುರು ಮಲಗಿರಬೇಕಾಗಿಲ್ಲ. ದೂರದ ನೆಲಮಾಳಿಗೆಯಲ್ಲಿ ಕೂತು ಡ್ರೋನಿನ ಕಣ್ಣಿನಿಂದ ನೋಡುತ್ತಾನೆ. ಆ ಕಣ್ಣು ಕಂಡದ್ದೇ ನಮ್ಮ ಮೊಬೈಲಿಗೂ ಬರುತ್ತದೆ. ಕೊನೆಯ ಕ್ಷಣದಲ್ಲಿ ಎದುರಿನ ಮನುಷ್ಯನ ಮುಖವೂ ಕಾಣುತ್ತದೆ. ಅದನ್ನು ಊಟ ಮಾಡುತ್ತಾ ನೋಡುವ ಅಭ್ಯಾಸ ಬೇಡ ಎಂದು ನಮ್ಮ ಮನೆಯ ಮಕ್ಕಳಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

(ಇನ್ನೊಬ್ಬ ವಿದ್ಯಾರ್ಥಿ: ಗೇಮ್ ಆಡಿ ಆಡಿ ಕೈ ಪಳಗಿದ್ದರೆ ಸೇನೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ?)

ಕೈಯ ಮಟ್ಟಿಗೆ ಬರುತ್ತದೆ ಮಾರಾಯ, ಇಲ್ಲ ಎನ್ನುವುದಿಲ್ಲ. 24 ಲಕ್ಷದ ಕ್ಷಿಪಣಿಯನ್ನು ಕಲಿಯುವವರಿಗೆಲ್ಲ ಹೊಡೆಯಲು ಕೊಡುವುದಕ್ಕೆ ಆಗುವುದಿಲ್ಲ, ಅಭ್ಯಾಸದ ಬಹುಪಾಲು ಸಿಮ್ಯುಲೇಟರಿನ ಮೇಲೆಯೇ. ಆದರೆ ನಮ್ಮ ಉಸ್ತಾದರು ಹೇಗೆ ಕಲಿಸುತ್ತಿದ್ದರು ಎಂದು ಹೇಳುತ್ತೇನೆ. ದೂರದಲ್ಲಿ ಒಂದು ಜೀಪು ಅಡ್ಡಡ್ಡ ಓಡುತ್ತಿರುತ್ತದೆ. ಕ್ರಾಸನ್ನು ಅದರ ಮೇಲೆ ಪೂರ್ತಿ ಹದಿಮೂರು ಸೆಕೆಂಡು ಇಟ್ಟಿರಬೇಕು. ಅಷ್ಟರಲ್ಲಿ ಅವರು ಕಿವಿಯ ಪಕ್ಕದಲ್ಲೇ ತಗಡು ಬಡಿಯುತ್ತಿದ್ದರು, ಕತ್ತಿನ ಮೇಲೆ ಮರಳು ಸುರಿಯುತ್ತಿದ್ದರು, ಹೆಸರು ಹಿಡಿದು ಕೂಗುತ್ತಿದ್ದರು. ಕ್ರಾಸ್ ಒಂದು ಸಲ ಅಲುಗಿದರೆ ಮತ್ತೆ ಮೊದಲಿನಿಂದ. ನೀನು ಗೇಮ್ ಆಡುವಾಗ ನಿನ್ನ ತಂಗಿಗೆ ಹೇಳಿ ಹೀಗೆ ಮಾಡಿಸು, ಗಡಿಯಾರ ಅವಳ ಕೈಯಲ್ಲೇ ಇರಲಿ. ಎಷ್ಟು ಸೆಕೆಂಡು ಅಲುಗದೆ ಹಿಡಿದೆ ಎಂದು ಅವಳನ್ನೇ ಕೇಳಿಕೊಂಡು ಬಂದು ನನಗೆ ತಿಳಿಸು.